ಹೆಪ್ಪುಗಟ್ಟಿದ ನೆಲ, ಒಂದು ಹಿಡಿ ಹುಲ್ಲುಬೀಜ

ಅಲಾಸ್ಕಾ ಅಂದ ಕೂಡಲೇ ನನ್ನ ತಲೆಗೆ ಬರುತ್ತಿದ್ದದ್ದು ಎರಡೇ. ಹಿಮ, ಕರಡಿ. ಮೂರನೆಯದು ಎಣ್ಣೆ ಅಂತ ಗೊತ್ತಾಗಿದ್ದು ಇತ್ತೀಚೆಗೆ. ಆ ಎಣ್ಣೆ ಮಣ್ಣಿಗೆ ಚೆಲ್ಲಿದರೆ ಅದನ್ನು ತೊಳೆಯೋಕೆ ಹುಲ್ಲು ಬಿತ್ತಿದವರ ಕಥೆ ಓದಿದ ಮೇಲೆ ಎರಡು ದಿನ ತಲೆಯಲ್ಲಿ ಅದೇ ಸುತ್ತುತ್ತಿತ್ತು. ಅದಕ್ಕೇ ಈ ಬರಹ.

1968ರಲ್ಲಿ ಅಲಾಸ್ಕಾದ ಉತ್ತರ ತುದಿಯ ಪ್ರುಡೋ ಬೇನಲ್ಲಿ ಭಾರೀ ತೈಲ ನಿಕ್ಷೇಪ ಸಿಕ್ಕಿತು. ಅಲ್ಲಿನ ಸಮುದ್ರ ಹೆಪ್ಪುಗಟ್ಟುತ್ತೆ, ಹಾಗಾಗಿ ದಕ್ಷಿಣದ ವಾಲ್ಡೆಜ್ ಬಂದರಿನವರೆಗೆ 800 ಮೈಲಿ ಉದ್ದದ ಕೊಳವೆ ಹಾಕಿದರು. 1977ರ ಜೂನ್‌ನಲ್ಲಿ ಎಣ್ಣೆ ಹರಿಯಿತು. ಮರುವರ್ಷವೇ, ಫೆಬ್ರವರಿಯಲ್ಲಿ, ಫೇರ್‌ಬ್ಯಾಂಕ್ಸ್ ಊರಿನ ಹತ್ತಿರ ಯಾರೋ ಸ್ಫೋಟಕ ಇಟ್ಟು ಕೊಳವೆಗೆ ತೂತು ಮಾಡಿದರು. ಸುಮಾರು 16,000 ಬ್ಯಾರೆಲ್ ನೆಲಕ್ಕೆ ಹೋಯಿತು. 2001ರಲ್ಲಿ ಇನ್ನೊಬ್ಬ ಮಹಾಶಯ ಕುಡಿದ ಅಮಲಿನಲ್ಲಿ ಅದೇ ಕೊಳವೆಗೆ ಬಂದೂಕಿನಿಂದ ಗುಂಡು ಹೊಡೆದ!

ಇವೆಲ್ಲ ಪತ್ರಿಕೆಗಳಲ್ಲಿ ಬಂದ ಸುದ್ದಿ. ಸುದ್ದಿಯಾಗದ ಸೋರಿಕೆಗಳು ಬೇರೆಯೇ ಇವೆ. ರಸ್ತೆಯೇ ಇಲ್ಲದ ಹಳ್ಳಿಗಳಲ್ಲಿ ಕರೆಂಟು, ಬಿಸಿ ಎಲ್ಲಕ್ಕೂ ಡೀಸೆಲ್ಲೇ ಗತಿ. 1950ರ ದಶಕದಲ್ಲಿ, ಶೀತಲ ಸಮರದ ಕಾಲದಲ್ಲಿ ಕಟ್ಟಿದ ರೇಡಾರ್ ಠಾಣೆಗಳು ಬೇರೆ. ಟ್ಯಾಂಕು ತುಕ್ಕು ಹಿಡಿಯುತ್ತೆ, ಪೀಪಾಯಿ ಸೋರುತ್ತೆ. ಕೆಟ್ಟ ಮಣ್ಣನ್ನು ಅಗೆದು ಬೇರೆ ಕಡೆ ಸಾಗಿಸೋಣ ಅಂದರೆ ವಿಮಾನವೋ ದೋಣಿಯೋ ಬೇಕು. ಖರ್ಚು ಯಾರು ಕೊಡಬೇಕು?

ಮಣ್ಣಿನಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳು ಇದ್ದೇ ಇರುತ್ತವೆ. ಸೆಕೆ ನಾಡಿನಲ್ಲಾದರೆ ಅವು ಚುರುಕಾಗಿ ಕೆಲಸ ಮಾಡುತ್ತವೆ. ಫೇರ್‌ಬ್ಯಾಂಕ್ಸ್‌ನಲ್ಲಿ ಚಳಿಗಾಲ ಒಮ್ಮೊಮ್ಮೆ ಮೈನಸ್ 40 ಡಿಗ್ರಿಗೆ ಇಳಿಯುತ್ತೆ (ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಅಂತ ಕೇಳಬೇಡಿ, ಆ ಅಂಕಿಯಲ್ಲಿ ಎರಡೂ ಒಂದೇ). ವರ್ಷದ ಅರ್ಧ ಭಾಗ ನೆಲ ಕಲ್ಲಾಗಿರುತ್ತೆ. ಬೇಸಿಗೆಯ ಕೆಲವೇ ವಾರಗಳಲ್ಲಿ ಆ ಸೂಕ್ಷ್ಮಜೀವಿಗಳು ಹೊಟ್ಟೆ ತುಂಬಿಸಿಕೊಳ್ಳಬೇಕು. ಮಣ್ಣಿನಲ್ಲಿ ಸಾರಜನಕ, ರಂಜಕವೂ ಕಮ್ಮಿ.

ಇಲ್ಲಿ ಗಿಡಗಳು ಬರುತ್ತವೆ. ಬೇರಿನ ಸುತ್ತಲಿನ ಮಣ್ಣಿಗೆ 'ರೈಜೋಸ್ಫಿಯರ್' ಅಂತ ಹೆಸರಿಟ್ಟವನು ಜರ್ಮನಿಯ ಲೊರೆಂಜ್ ಹಿಲ್ಟ್‌ನರ್, 1904ರಲ್ಲಿ. ಬೇರುಗಳು ಸಕ್ಕರೆ, ಆಮ್ಲಗಳನ್ನು ಒಸರುತ್ತವೆ. ಅದಕ್ಕೆ ಸೂಕ್ಷ್ಮಜೀವಿಗಳು ಮುತ್ತಿಕೊಳ್ಳುತ್ತವೆ. ಹಾಗಾಗಿ ಹುಲ್ಲು ಡೀಸೆಲ್ ಕುಡಿಯುತ್ತೆ ಅಂದುಕೊಳ್ಳಬೇಡಿ (ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ). ಡೀಸೆಲ್ ತಿನ್ನುವವರಿಗೆ ಅದು ಅನ್ನ ಹಾಕಿ ಸಾಕುತ್ತೆ, ಅಷ್ಟೇ.

1995ರಲ್ಲಿ ಫೇರ್‌ಬ್ಯಾಂಕ್ಸ್‌ನಲ್ಲಿ ಇದರ ಪರೀಕ್ಷೆ ಶುರುವಾಯಿತು. ಅಮೆರಿಕಾ ಸೇನೆಯ ಶೀತಪ್ರದೇಶ ಸಂಶೋಧನಾಲಯದ ಚಾರ್ಲ್ಸ್ ರೆನಾಲ್ಡ್ಸ್ ಇದರಲ್ಲಿದ್ದರು. ಕಚ್ಚಾತೈಲದಿಂದ ಕೆಟ್ಟ ಮಣ್ಣು ಒಂದು ಕಡೆ, ಡೀಸೆಲ್‌ನಿಂದ ಕೆಟ್ಟ ಮಣ್ಣು ಇನ್ನೊಂದು ಕಡೆ. ಕೆಲವು ಪಾತಿಗಳಿಗೆ ರೆಡ್ ಫೆಸ್ಕ್ಯೂ, ರೈಗ್ರಾಸ್ ಅನ್ನುವ ಎರಡು ಜಾತಿಯ ಹುಲ್ಲು. ಕೆಲವಕ್ಕೆ ಬರೀ ಗೊಬ್ಬರ. ಕೆಲವಕ್ಕೆ ಎರಡೂ. ಇನ್ನು ಕೆಲವಕ್ಕೆ ಏನೂ ಇಲ್ಲ. ಒಂದು ವರ್ಷದೊಳಗೆ ಫಲಿತಾಂಶ ಬಂತು: ಹುಲ್ಲು ಅಥವಾ ಗೊಬ್ಬರ ಕಂಡ ಪಾತಿಗಳಲ್ಲಿ, ಏನೂ ಮಾಡದ ಪಾತಿಗಳಿಗಿಂತ ಹೆಚ್ಚು ಎಣ್ಣೆ ಕರಗಿತ್ತು. ಶುಭಂ ಅಂತ ಇಲ್ಲೇ ಮುಗಿಸಬಹುದಿತ್ತು.

ಆಮೇಲೆ 15 ವರ್ಷ ಆ ಜಾಗವನ್ನು ಯಾರೂ ಆರೈಕೆ ಮಾಡಲಿಲ್ಲ. ನೀರಿಲ್ಲ, ಗೊಬ್ಬರವಿಲ್ಲ, ಕಳೆ ಕೀಳುವವರಿಲ್ಲ.

ಅಷ್ಟು ವರ್ಷದ ನಂತರ ಅಲಾಸ್ಕಾ ವಿಶ್ವವಿದ್ಯಾಲಯದ ಮೇರಿ-ಕ್ಯಾಥರಿನ್ ಲೂಯಿಸ್ ಮತ್ತು ಮೇರಿ ಬೆತ್ ಲೇ, ರೆನಾಲ್ಡ್ಸ್ ಅವರ ಜೊತೆ ಸೇರಿ ಅದೇ ಪಾತಿಗಳ ಮಣ್ಣನ್ನು ಮತ್ತೆ ಅಳೆದರು. 2013ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಜಾಗದ ತುಂಬ ತಾವಾಗೇ ಬಂದ ಗಿಡಮರಗಳು! ಎಲ್ಲ ಬಗೆಯ ಪಾತಿಗಳಲ್ಲೂ ಎಣ್ಣೆಯ ಪ್ರಮಾಣ ಕಾನೂನು ಹೇಳುವ ಮಿತಿಗೆ ಇಳಿದಿತ್ತು. ಮರ, ಪೊದೆ ಹೆಚ್ಚಿದ್ದ ಕಡೆ ಎಣ್ಣೆ ಇನ್ನೂ ಕಮ್ಮಿ. ಇನ್ನೊಂದು ವಿಚಿತ್ರ ನೋಡಿ, ಆ ಮರಗಳು ಮತ್ತು ಸ್ಥಳೀಯ ಗಿಡಗಳು ಹೆಚ್ಚು ಬಂದಿದ್ದು ಗೊಬ್ಬರ ಹಾಕದ ಪಾತಿಗಳಲ್ಲಿ. ಮೊದಲ ವರ್ಷ ಗೊಬ್ಬರಕ್ಕೂ ಪಾಸ್ ಅಂತ ಬರೆದಿದ್ದೆವಲ್ಲ?

ನಾನು ಇಲ್ಲಿ ಸ್ವಲ್ಪ ತಡವರಿಸಿದೆ. ಏನೂ ಮಾಡದ ಪಾತಿಯೂ ಕೊನೆಗೆ ಶುದ್ಧವಾಯಿತು ಅಂದರೆ ಹುಲ್ಲು ಬಿತ್ತಿದ್ದೇ ದಂಡವಾ? ಹಾಗಲ್ಲ ಅನ್ನಿಸುತ್ತೆ. ಮೊದಲ ವರ್ಷವೇ ಎಷ್ಟು ಕಮ್ಮಿಯಾಯಿತು ಅನ್ನೋದು ಪಕ್ಕದಲ್ಲೇ ನೀರು ಕುಡಿಯುವವರಿಗೆ ಸಣ್ಣ ವಿಷಯ ಅಲ್ಲ. ಅವರಿಗೆ 15 ವರ್ಷ ಕಾಯಿರಿ ಅಂತ ಹೇಳೋಕಾಗಲ್ಲ. ಹಾಗೇ, ಮರ ಇದ್ದದ್ದಕ್ಕೆ ಎಣ್ಣೆ ಕಮ್ಮಿಯಾಯಿತೋ, ಎಣ್ಣೆ ಕಮ್ಮಿ ಇದ್ದಲ್ಲಿ ಮರ ಬಂತೋ ಅನ್ನೋದನ್ನು ಇಂಥ ಅಳತೆಯೊಂದೇ ತೀರ್ಮಾನ ಮಾಡಲಾರದು. ಸಂಶೋಧಕರ ಸಲಹೆಯೂ ಹದವಾಗಿಯೇ ಇದೆ: ಹುಲ್ಲಿನ ಜೊತೆ ಅಲ್ಲಿನದೇ ಮರಗಳನ್ನೂ ಮೊದಲಿಗೇ ನೆಟ್ಟರೆ ಒಳ್ಳೆಯದಾಗಬಹುದು. ಅಲ್ಲಿನ ವಿಲೋ ಮರದ (ನಮ್ಮ ಕ್ರಿಕೆಟ್ ಬ್ಯಾಟಿನ ಮರದ ನೆಂಟ) ಬೇರಿನ ಮೇಲೂ ಪ್ರಯೋಗಗಳು ನಡೆದಿವೆ.

'ಅಲ್ಲಿನದೇ' ಅನ್ನೋ ಮಾತು ಮುಖ್ಯ. ಅಂಟಾರ್ಕ್ಟಿಕಾದಲ್ಲಿ ಇದೇ ಹುಲ್ಲು ಬಿತ್ತೋಣ ಅಂದರೆ ಆಗದು. 1991ರ ಮ್ಯಾಡ್ರಿಡ್ ಒಪ್ಪಂದದ ಪ್ರಕಾರ ಹೊರಗಿನ ಗಿಡವನ್ನು ಅಲ್ಲಿ ಹಾಗೆ ತಂದು ನೆಡುವಂತಿಲ್ಲ. ಅಲ್ಲಿಯದೇ ಹೂಬಿಡುವ ಸಸ್ಯಗಳೋ, ಇರುವುದು ಎರಡೇ ಜಾತಿ.

2020ರ ಮೇ ತಿಂಗಳಲ್ಲಿ ರಷ್ಯಾದ ನೊರಿಲ್ಸ್ಕ್‌ನಲ್ಲಿ ಒಂದು ಟ್ಯಾಂಕ್ ಕುಸಿದು ಸುಮಾರು 21,000 ಟನ್ ಡೀಸೆಲ್ ನೆಲಕ್ಕೂ ನದಿಗೂ ಹರಿಯಿತು. ಅದಕ್ಕೆ ಹುಲ್ಲುಬೀಜ ಉತ್ತರ ಅಲ್ಲ, ಒಪ್ಪುತ್ತೇನೆ. ಆದರೆ ಯಾರೂ ಕ್ಯಾಮೆರಾ ಹಿಡಿದು ಹೋಗದ ಹಳ್ಳಿಯ ತುಕ್ಕು ಹಿಡಿದ ಟ್ಯಾಂಕಿನ ಬುಡಕ್ಕೆ ಅದು ಉತ್ತರ ಆಗಬಹುದು.

ನಮ್ಮ ಕೆಲಸದಲ್ಲಿ ಟೆಸ್ಟ್ ಪಾಸಾದರೆ ರಿಲೀಸ್, ಆಮೇಲೆ ಹಿಂತಿರುಗಿ ನೋಡುವ ಅಭ್ಯಾಸವಿಲ್ಲ. ಈ ಕಥೆಯಲ್ಲಿ ನನಗೆ ಹುಲ್ಲಿಗಿಂತ ಹೆಚ್ಚು ಇಷ್ಟವಾದದ್ದು, 15 ವರ್ಷದ ನಂತರ ಅದೇ ಪಾತಿಗಳನ್ನು ಹುಡುಕಿಕೊಂಡು ಹೋಗಿ ಮತ್ತೆ ಮಣ್ಣು ಕೆದಕಿದವರು.