ರೆಕ್ಕೆಯ ಅಂಚಿನ ರೀಡು

ವಿಮಾನವನ್ನು ಆಕಾಶದಲ್ಲಿ ಎತ್ತಿ ಹಿಡಿಯುವುದು ಅದರ ಎಂಜಿನ್ ಎಂಬುದು ನಮ್ಮಲ್ಲಿ ಬಹುಮಂದಿಯ ತಿಳಿವಳಿಕೆ. ಎಂಜಿನ್ನಿನ ಕೆಲಸ ವಿಮಾನವನ್ನು ಮುಂದಕ್ಕೆ ಒಯ್ಯುವುದಷ್ಟೆ; ಅದನ್ನು ಎತ್ತಿ ಹಿಡಿಯುವುದು ರೆಕ್ಕೆಗಳ ಮೇಲೂ ಕೆಳಗೂ ಹರಿಯುವ ಗಾಳಿ. ಎದುರುಗಾಳಿಗೆ ರೆಕ್ಕೆಯನ್ನು ಓರೆ ಮಾಡಿದಷ್ಟೂ ಎತ್ತುವ ಬಲ ಹೆಚ್ಚುತ್ತದೆ. ಆದರೆ ಈ ಓರೆಗೂ ಒಂದು ಮಿತಿಯುಂಟು. ಸಾಧಾರಣ ರೆಕ್ಕೆಗಳಲ್ಲಿ ಅದು ಸುಮಾರು 15 ಡಿಗ್ರಿ. ಮಿತಿ ಮೀರಿದೊಡನೆ ಗಾಳಿಯು ರೆಕ್ಕೆಯ ಬೆನ್ನನ್ನು ಬಿಟ್ಟು ಚದುರುತ್ತದೆ. ಎಂಜಿನ್ ಪೂರ್ಣಶಕ್ತಿಯಿಂದ ಮೊರೆಯುತ್ತಿದ್ದರೂ ವಿಮಾನ ಕುಸಿಯತೊಡಗುತ್ತದೆ. ಈ ಸ್ಥಿತಿಗೆ ವೈಮಾನಿಕರು ‘ಸ್ಟಾಲ್’ ಎನ್ನುತ್ತಾರೆ. ಎತ್ತರದಲ್ಲಿದ್ದರೆ ಮೂತಿಯನ್ನು ತಗ್ಗಿಸಿ ಚೇತರಿಸಿಕೊಳ್ಳಬಹುದು. ಇಳಿಯುವ ಮುನ್ನ ನೆಲಕ್ಕೆ ಸಮೀಪದಲ್ಲಿ ತಿರುಗುತ್ತಿರುವಾಗ ಹೀಗಾದರೆ ಚೇತರಿಕೆಗೆ ಬೇಕಾದ ಎತ್ತರವೇ ಇರುವುದಿಲ್ಲ.

ಹಾರಾಟದ ಇತಿಹಾಸ ಈ ಅಪಾಯವನ್ನು ಮೊದಲಿನಿಂದಲೂ ಬಲ್ಲದು. ಎಂಜಿನ್ನಿಲ್ಲದ ರೆಕ್ಕೆಗಳನ್ನು ತೊಟ್ಟು ಬೆಟ್ಟದ ಇಳಿಜಾರಿನಿಂದ ಸುಮಾರು 2,000 ಸಲ ಹಾರಿದ್ದ ಜರ್ಮನಿಯ ಓಟೋ ಲಿಲಿಯೆಂತಾಲ್ 1896ರ ಆಗಸ್ಟ್ 9ರಂದು ಇದೇ ಕಾರಣದಿಂದ ಬಿದ್ದು, ಮರುದಿನ ತೀರಿಕೊಂಡನು. ಆಮೇಲೆ ಅರ್ಧ ಶತಮಾನದವರೆಗೂ ಸಣ್ಣ ವಿಮಾನಗಳ ಚಾಲಕರು ತಮ್ಮ ಮೈಯ ಅರಿವನ್ನೇ ನೆಚ್ಚಿಕೊಂಡಿದ್ದರು. ಗಾಳಿಯ ಸದ್ದು ಕುಗ್ಗುವುದು, ಕೈಯಲ್ಲಿನ ಹಿಡಿಕೆ ಸಡಿಲವಾಗುವುದು, ವಿಮಾನದ ಮೈ ನಡುಗುವುದು, ಇವೇ ಅವರಿಗಿದ್ದ ಸೂಚನೆಗಳು. 1938ರಿಂದ 1947ರವರೆಗೆ 19,000ಕ್ಕೂ ಹೆಚ್ಚಾಗಿ ತಯಾರಾದ ಪೈಪರ್ ಕಬ್ ವಿಮಾನಕ್ಕೆ ಬೇರೆ ಎಚ್ಚರಿಕೆಯ ಉಪಕರಣವೇ ಇರಲಿಲ್ಲ.

ಇಂಥದೊಂದು ಉಪಕರಣವನ್ನು ರೂಪಿಸಿದವರು ಅಮೆರಿಕದ ಲೆನರ್ಡ್ ಗ್ರೀನ್. ಅದನ್ನು ತಯಾರಿಸಲು ಅವರು 1946ರಲ್ಲಿ ಸೇಫ್ ಫ್ಲೈಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅದರ ತತ್ತ್ವ ಬಹು ಸರಳವಾದುದು. ರೆಕ್ಕೆಯ ಮುಂದಂಚಿನಲ್ಲಿ ಬೆರಳಗಲದ ಒಂದು ಲೋಹದ ತಗಡು ಹೊರಚಾಚಿರುತ್ತದೆ. ಮಾಮೂಲಿ ಹಾರಾಟದಲ್ಲಿ ಗಾಳಿ ಅದನ್ನು ಕೆಳಕ್ಕೆ ಒತ್ತಿರುತ್ತದೆ. ರೆಕ್ಕೆಯ ಓರೆ ಮಿತಿಯನ್ನು ಸಮೀಪಿಸಿದಾಗ ಗಾಳಿ ಕವಲೊಡೆಯುವ ಜಾಗ ಕೆಳಕ್ಕೆ ಸರಿದು, ತಗಡನ್ನು ಮೇಲಕ್ಕೆ ತಳ್ಳುತ್ತದೆ. ಒಳಗಿನ ಸ್ವಿಚ್ಚು ಕೂಡಿಕೊಂಡು ಚಾಲಕನ ಬಳಿ ದೀಪ ಬೆಳಗುತ್ತದೆ, ಇಲ್ಲವೆ ಹಾರನ್ ಕೂಗುತ್ತದೆ.

ಸೆಸ್ನಾ ಕಂಪನಿಯ 150, 172 ಮುಂತಾದ ವಿಮಾನಗಳಲ್ಲಿ ಕಾಣುವುದು ಇನ್ನೊಂದು ಬಗೆ. ಅದಕ್ಕೆ ವಿದ್ಯುತ್ತೂ ಬೇಡ. ಎಡ ರೆಕ್ಕೆಯ ಮುಂದಂಚಿನಲ್ಲಿ ಒಂದು ಸೀಳು, ಅಲ್ಲಿಂದ ಚಾಲಕನ ಎಡಕಿವಿಯ ಸಮೀಪದವರೆಗೆ ಒಂದು ಕೊಳವೆ, ಅದರ ತುದಿಯಲ್ಲಿ ಒಂದು ರೀಡು. ಅಪಾಯದ ಓರೆಯಲ್ಲಿ ಸೀಳಿನ ಬಳಿ ಒತ್ತಡ ಕುಗ್ಗಿ, ಗಾಳಿಯು ಕೊಳವೆಯ ಮೂಲಕ ಹೊರಕ್ಕೆ ಹೀರಲ್ಪಟ್ಟಾಗ ರೀಡು ನುಡಿಯುತ್ತದೆ. ನಾಟಕ ಕಂಪನಿಗಳ ಹಾರ್ಮೋನಿಯಂ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ತಿದಿಯ ಗಾಳಿ ಮಾಡುವ ಕೆಲಸವನ್ನು ಇಲ್ಲಿ ಆಕಾಶವೇ ಮಾಡುತ್ತದೆ. ಹಾರುವ ಮುನ್ನ ಸೀಳಿನ ಮೇಲೆ ಶುಭ್ರವಾದ ಕರವಸ್ತ್ರವಿಟ್ಟು ಬಾಯಿಂದ ಗಾಳಿಯನ್ನು ಹೀರಿ ನೋಡುವುದು ಇದರ ಪರೀಕ್ಷೆ. ರೀಡು ನುಡಿದರೆ ಸರಿ. ನುಡಿಯದಿದ್ದರೆ ಕಾರಣವನ್ನು ಹುಡುಕಬೇಕು.

ಆ ಹುಡುಕಾಟದ ಇತಿಹಾಸವೇ ನನ್ನ ಆಸಕ್ತಿಯ ವಿಷಯ. ಸೆಸ್ನಾ 150ರ ತಯಾರಿಕೆ 1977ರಲ್ಲಿ ನಿಂತಿತು. ಅಪಘಾತಗಳ ಪರಿಹಾರಕ್ಕಾಗಿ ತಯಾರಕರ ಮೇಲೆ ಹೂಡಿದ ದಾವೆಗಳ ಭಾರದಿಂದ 1986ರಲ್ಲಿ ಕಂಪನಿಯು ತನ್ನ ಸಣ್ಣ ವಿಮಾನಗಳನ್ನೆಲ್ಲ ಕೈಬಿಟ್ಟಿತು. ತಯಾರಾಗಿ 18 ವರ್ಷ ಕಳೆದ ಸಣ್ಣ ವಿಮಾನಕ್ಕೆ ತಯಾರಕರನ್ನು ಹೊಣೆಮಾಡಲಾಗದೆಂಬ ಕಾನೂನನ್ನು ಅಮೆರಿಕ 1994ರಲ್ಲಿ ಮಾಡಿದ ಮೇಲೆ 172 ಮರಳಿ ಬಂದಿತು. 150 ಬರಲೇ ಇಲ್ಲ. ಆದರೆ ಅದಾಗಲೇ ಮಾರಾಟವಾಗಿದ್ದ ಸಾವಿರಾರು ವಿಮಾನಗಳು ಹಾರುವುದನ್ನು ನಿಲ್ಲಿಸಲಿಲ್ಲ. ಮೈಯ ಅಲ್ಯೂಮಿನಿಯಂ ಗಟ್ಟಿಯಾಗಿಯೇ ಉಳಿಯುತ್ತದೆ. ಎಂಜಿನ್ನನ್ನು ಬಿಚ್ಚಿ ಹೊಸದು ಮಾಡಬಹುದು. ಸೋಲುವುದು ಸಣ್ಣ ಅಂಗಗಳು. ಕೊಳವೆ ಬಿರುಕು ಬಿಡುತ್ತದೆ, ರೀಡಿನ ನಾಲಗೆ ಬಾಗುತ್ತದೆ, ಸ್ವಿಚ್ಚಿಗೆ ಕಿಲುಬು ಹತ್ತುತ್ತದೆ. ಸೀಳಿನಲ್ಲಿ ಹುಳು ಗೂಡು ಕಟ್ಟುವುದೂ ಉಂಟು.

ಬದಲಿ ಅಂಗವನ್ನು ತರುವ ಕ್ರಮವನ್ನು ಓದಿ ತಿಳಿದಾಗ ಕನ್ನಡದ ಅಧ್ಯಾಪಕನಾದ ನನಗೆ ನೆನಪಾದದ್ದು ಗ್ರಂಥಸಂಪಾದನೆ. ಓಲೆಗರಿಯ ಒಂದು ಎಸಳು ಮುರಿದಾಗ ಸಂಪಾದಕನು ಬೇರೆ ಪ್ರತಿಗಳನ್ನು ಅರಸುತ್ತಾನೆ. ಸಿಕ್ಕಿದ ಪಾಠ ಯಾವ ಪರಂಪರೆಯದು, ಯಾವ ಲಿಪಿಕಾರನ ಕೈಯದು ಎಂದು ವಿಚಾರಿಸುತ್ತಾನೆ. ಛಂದಸ್ಸಿಗೆ ಒಪ್ಪಿತೆಂಬ ಮಾತ್ರಕ್ಕೆ ಅದನ್ನು ಸೇರಿಸಿಬಿಡುವುದಿಲ್ಲ. ಇಲ್ಲಿಯೂ ಹಾಗೆಯೇ. ಮೊದಲು ತಯಾರಕರ ಸಚಿತ್ರ ಪಟ್ಟಿಯಲ್ಲಿ ಆ ಅಂಗದ ಸಂಖ್ಯೆಯನ್ನು ಗುರುತಿಸಬೇಕು. ಹಳೆಯ ಸಂಖ್ಯೆ ರದ್ದಾಗಿ ಹೊಸದು ಬಂದಿದ್ದರೆ ಅದರ ಜಾಡು ಹಿಡಿಯಬೇಕು. 12 ವೋಲ್ಟಿನ ವಿಮಾನದ್ದೋ 24 ವೋಲ್ಟಿನದ್ದೋ ನೋಡಬೇಕು. ಕಂಪನಿಯಲ್ಲಿ ದೊರೆಯದಿದ್ದರೆ, ತಯಾರಿಕೆಗೆ ಸರ್ಕಾರದ ಅನುಮತಿ ಪಡೆದ ಬೇರೆಯವರಿದ್ದಾರೆಯೇ ಎಂದು ಕೇಳಬೇಕು; ಅಲ್ಲಿಯೂ ಇಲ್ಲವಾದರೆ ಬಿಚ್ಚಿಹಾಕಿದ ವಿಮಾನಗಳ ಅಂಗಳಕ್ಕೆ ಹೋಗಬೇಕು. ಎಲ್ಲಿ ಸಿಕ್ಕರೂ ಅಂಗದ ಜೊತೆಗೆ ಅದರ ಕುಲಗೋತ್ರ ಹೇಳುವ ಕಾಗದ ಬೇಕು. ಕಾಗದವಿಲ್ಲದ್ದನ್ನು ಹೊಳೆಯುತ್ತಿದೆಯೆಂದು ಜೋಡಿಸಕೂಡದು.

ಇದು ಬರಿಯ ಕಚೇರಿಯ ಕಟ್ಟಳೆಯಲ್ಲ. 1989ರ ಸೆಪ್ಟೆಂಬರ್ 8ರಂದು ನಾರ್ವೆಯಿಂದ ಜರ್ಮನಿಗೆ ಹೊರಟಿದ್ದ ಒಂದು ಹಳೆಯ ಕಾನ್ವೇರ್ ವಿಮಾನ ಡೆನ್ಮಾರ್ಕಿನ ಬಳಿ ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ 55 ಮಂದಿಯೂ ಸತ್ತರು. ಬಾಲದ ರೆಕ್ಕೆಯನ್ನು ಬಿಗಿದಿದ್ದ ಬೋಲ್ಟುಗಳಲ್ಲಿ ಖೋಟಾ ಬೋಲ್ಟುಗಳು ಸೇರಿದ್ದುದು ತನಿಖೆಯಿಂದ ಹೊರಬಿದ್ದಿತು. ಕಾವ್ಯದಲ್ಲಿ ಪ್ರಕ್ಷಿಪ್ತ ಪದ್ಯವೊಂದು ನುಸುಳಿದರೆ ರಸಕ್ಕೆ ಭಂಗ. ಯಂತ್ರದಲ್ಲಿ ಪ್ರಕ್ಷಿಪ್ತ ಬೋಲ್ಟು ನುಸುಳಿದರೆ ಪ್ರಾಣಕ್ಕೇ ಭಂಗ.

ಏನೂ ದೊರೆಯದೆ ಹೋದಾಗ ಅಮೆರಿಕದ ನಿಯಮ ಒಂದು ಬಾಗಿಲನ್ನು ತೆರೆದಿಟ್ಟಿದೆ. ವಿಮಾನದ ಒಡೆಯನು ತನ್ನ ವಿಮಾನದ ಮಟ್ಟಿಗೆ ಆ ಅಂಗವನ್ನು ತಾನೇ ಮಾಡಿಸಿಕೊಳ್ಳಬಹುದು. ಆದರೆ ಅದರ ರಚನೆ, ಲೋಹ, ಗುಣಮಟ್ಟಗಳ ಹೊಣೆಯಲ್ಲಿ ಅವನು ನಿಜವಾಗಿ ಪಾಲ್ಗೊಂಡಿರಬೇಕು. ಹಣ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. 2014ರಿಂದೀಚೆಗೆ ರೆಕ್ಕೆಯ ಓರೆಯನ್ನು ಅಳೆದು ತೋರಿಸುವ ಹೊಸ ಉಪಕರಣಗಳನ್ನು ಸುಲಭವಾಗಿ ಜೋಡಿಸಲು ಅಲ್ಲಿ ಅವಕಾಶವಾಗಿದೆ. ಆದರೂ ಅವು ಹಳೆಯ ಎಚ್ಚರಿಕೆಗೆ ಜೊತೆಯೇ ಹೊರತು ಬದಲಿಯಲ್ಲ.

ಅಂಗ ಸಿಕ್ಕಿದರೂ ಕೆಲಸ ಮುಗಿಯಲಿಲ್ಲ. ಸೀಳಿನ ಫಲಕ ಕೂದಲೆಳೆಯಷ್ಟು ಮೇಲಾದರೂ ಕೆಳಗಾದರೂ ಎಚ್ಚರಿಕೆಯ ಹೊತ್ತು ತಪ್ಪುತ್ತದೆ. ತಡವಾಗಿ ನುಡಿದರೆ ಪ್ರಯೋಜನವಿಲ್ಲ. ತೀರ ಮೊದಲೇ ನುಡಿದರೆ ಚಾಲಕನ ಕಿವಿ ಅದನ್ನು ಅಲಕ್ಷಿಸಲು ಕಲಿಯುತ್ತದೆ. ಆದುದರಿಂದ ಎತ್ತರಕ್ಕೆ ಹಾರಿ, ಬೇಕೆಂದೇ ವೇಗವನ್ನು ಕುಗ್ಗಿಸಿ, ಕುಸಿತಕ್ಕೆ ಐದು ಹತ್ತು ಮೈಲಿ ವೇಗ ಬಾಕಿಯಿರುವಾಗಲೇ ಅದು ಕೂಗುವುದೇ ಎಂದು ನೋಡಿ, ಇಳಿದು ಬಂದು ಸರಿಪಡಿಸಿ, ಮತ್ತೆ ಹಾರಿ ನೋಡಬೇಕು. ಬೆಂಗಳೂರಿನ ಜಕ್ಕೂರಿನ ಆಕಾಶದಲ್ಲಿ ತರಬೇತಿಯ ಸಣ್ಣ ವಿಮಾನಗಳನ್ನು ಕಂಡವರು ಬಲ್ಲರು, ಅವುಗಳಲ್ಲಿ ಕುಳಿತವರು ಬಹುಮಟ್ಟಿಗೆ ಎಳೆಯರು. ಮೈಯ ಅರಿವು ಇನ್ನೂ ಮೂಡಿರದ ಅವರಿಗೆ ಈ ಒಂದು ಸ್ವರವೇ ಗುರು.

ದೊಡ್ಡದನ್ನು ಕಟ್ಟಿದವರ ಹೆಸರನ್ನು ಇತಿಹಾಸ ಬರೆದಿಡುತ್ತದೆ. ಕಟ್ಟಿದ್ದನ್ನು ಕೆಡದಂತೆ ಕಾಯ್ದವರು, ಒಂದು ರೀಡಿಗಾಗಿ ತಿಂಗಳುಗಟ್ಟಲೆ ಪಟ್ಟಿಗಳನ್ನು ತಿರುವಿದವರು, ಕಾಗದವಿಲ್ಲದ ಅಂಗವನ್ನು ಅಗ್ಗವೆಂದು ಕೊಳ್ಳದೆ ಬರಿಗೈಯಲ್ಲಿ ಮರಳಿದವರು ಅದರ ಪುಟಗಳಲ್ಲಿ ಸಿಗುವುದಿಲ್ಲ. ಅವರು ಕಾಪಾಡಿದ ಪ್ರಾಣಗಳನ್ನು ಎಣಿಸಲೂ ಬಾರದು. ನಡೆಯದೆ ಹೋದ ಅಪಘಾತವನ್ನು ಯಾರೂ ದಾಖಲಿಸುವುದಿಲ್ಲ.