ಘಟ್ಟದ ನೆತ್ತಿಯಲ್ಲಿ ಒಂದು ರಾತ್ರಿ

ಬೆಳಿಗ್ಗೆ ಹೊನ್ನಾವರದಿಂದ ಹೊರಟು ಶರಾವತಿಯ ಜೊತೆಜೊತೆಗೇ ಗೇರುಸೊಪ್ಪೆಯವರೆಗೆ ಸಾಗಿ, ಘಟ್ಟ ಹತ್ತಿ, ಜೋಗ ನೋಡಿಕೊಂಡು ಸಾಗರದಲ್ಲಿ ತಂಗುವುದು. ಮರುದಿನ ಇಕ್ಕೇರಿ, ಹೊಸನಗರ, ನಗರಗಳನ್ನು ಹಾದು ಹುಲಿಕಲ್ ಘಾಟಿ ಇಳಿದು ಕುಂದಾಪುರ ಸೇರುವುದು. ಮೋಟಾರ್ ಸೈಕಲ್ ಸವಾರರಿಗೆ ಎರಡು ದಿನಗಳ ಪ್ರವಾಸಕ್ಕೆ ಇದಕ್ಕಿಂತ ಸೊಗಸಾದ ದಾರಿಗಳು ಮಲೆನಾಡಿನಲ್ಲಿ ಹೆಚ್ಚಿಲ್ಲ. ಒಟ್ಟು ದೂರ ಸುಮಾರು 200 ಕಿ.ಮೀ. ಹಟ ಹಿಡಿದರೆ ಒಂದೇ ದಿನದಲ್ಲಿ ಮುಗಿಸಬಹುದು. ಆದರೂ ನಡುವೆ ಒಂದು ರಾತ್ರಿ ಬೇಕು ಎನ್ನುತ್ತಾರೆ ಬಲ್ಲವರು. ಆ ರಾತ್ರಿಯನ್ನು ಎಲ್ಲಿ ಕಳೆಯಬೇಕೆಂಬ ಪ್ರಶ್ನೆ ಮೋಟಾರ್ ಸೈಕಲ್ಲಿಗಿಂತ ಬಹಳ ಹಳೆಯದು.

ಕರಾವಳಿಯವರ ಮಾತಿನಲ್ಲಿ ಲೋಕವೇ ಎರಡು: ಘಟ್ಟದ ಮೇಲೆ, ಘಟ್ಟದ ಕೆಳಗೆ. ಉಪ್ಪು, ಒಣಮೀನು ಹೊತ್ತ ಎತ್ತುಗಳು ಮೇಲಕ್ಕೂ ಮೆಣಸು, ಅಡಿಕೆ ಹೊತ್ತವು ಕೆಳಕ್ಕೂ ನಡೆಯುತ್ತಿದ್ದ ಕಾಲದಲ್ಲಿ ಘಟ್ಟದ ನಡುವೆ ಕತ್ತಲಾಗುವುದನ್ನು ಯಾರೂ ಬಯಸುತ್ತಿರಲಿಲ್ಲ. ದನಕ್ಕೆ ಹುಲಿಯ ಭಯ, ಹೇರಿಗೆ ಕಳ್ಳರ ಭಯ. ಆದ್ದರಿಂದ ತಂಗುದಾಣಗಳು ಎರಡೇ ಕಡೆ ಬೆಳೆದವು: ಘಟ್ಟದ ಬುಡದಲ್ಲಿ ಮತ್ತು ನೆತ್ತಿಯಲ್ಲಿ. ಬುಡದಲ್ಲಿ ಗೇರುಸೊಪ್ಪೆ, ಹೊಸಂಗಡಿ. ಮೇಲೆ ಇಕ್ಕೇರಿ, ಬಿದನೂರು. ಇವುಗಳಲ್ಲಿ ಕೆಲವು ರಾಜಧಾನಿಗಳೇ ಆದದ್ದು ಆಕಸ್ಮಿಕವಲ್ಲ. ಘಟ್ಟದ ಬಾಯಿ ಯಾರ ಕೈಯಲ್ಲಿದೆಯೋ ಮೆಣಸಿನ ಸುಂಕವೂ ಅವರ ಕೈಯಲ್ಲಿ.

ಮೇಲೆ ಹೇಳಿದ ದಾರಿಯ ಮೊದಲ ಅರ್ಧವನ್ನು 1623ರಲ್ಲಿ ಒಬ್ಬ ವಿದೇಶಿ ಪ್ರವಾಸಿ ಕ್ರಮಿಸಿದ್ದ. ರೋಮ್ ನಗರದ ಪಿಯೆತ್ರೊ ಡೆಲ್ಲಾ ವ್ಯಾಲೆ ತುರ್ಕಿ, ಪರ್ಷಿಯಾಗಳನ್ನು ಸುತ್ತಿ ಭಾರತಕ್ಕೆ ಬಂದವನು. ಗೋವೆಯ ಪೋರ್ಚುಗೀಸರು ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯನ್ನು ಕಳಿಸಿದಾಗ ಅವನೂ ಜೊತೆ ಸೇರಿಕೊಂಡ. ರಾಯಭಾರಿಗೆ ಮೆಣಸಿನ ವ್ಯವಹಾರ, ಇವನಿಗೆ ನೋಡುವ ಹುಚ್ಚು. ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಸಾಗಿ ಗೇರುಸೊಪ್ಪೆ ತಲುಪಿದಾಗ, ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದವಳ ಆ ಊರು ಆಗಲೇ ಹಾಳುಬಿದ್ದು ಕಾಡು ಬೆಳೆದಿತ್ತು. ಅಲ್ಲಿಂದ ಮುಂದೆ ಘಟ್ಟ.

ಘಟ್ಟ ಹತ್ತಿದವರು ಮೇಲೆ ಹನುಮಂತನ ಗುಡಿಯೊಂದರಲ್ಲಿ ಬಿಡಾರ ಮಾಡಿದರು. ಹೊರಡಲು ಇನ್ನೂ ಹೊತ್ತಿತ್ತು. ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಒಬ್ಬ ರಾಗವಾಗಿ ಪಾಠ ಹೇಳುತ್ತ ಬೆರಳಿನಿಂದ ಬರೆಯುವುದು, ಉಳಿದ ಮೂವರೂ ಅದನ್ನೇ ಹಾಡುತ್ತ ಬರೆಯುವುದು. ಜಾಗ ತುಂಬಿದರೆ ಮತ್ತೆ ಮರಳು. ಗುರುವಿಲ್ಲದಿರುವಾಗ ತಪ್ಪಿದರೆ ತಿದ್ದುವವರು ಯಾರು ಎಂದು ಈತ ಕೇಳಿದ್ದಕ್ಕೆ, ಒಂದೇ ತೊಡಕಿನಲ್ಲಿ ನಾಲ್ವರೂ ಒಟ್ಟಿಗೆ ಸಿಕ್ಕಿಕೊಳ್ಳುವುದು ಸಾಧ್ಯವೇ ಎಂಬ ಅರ್ಥದ ಉತ್ತರ ಬಂತಂತೆ. ನಮ್ಮ ಮರಳ ಮೇಲಿನ ಅಕ್ಷರಾಭ್ಯಾಸದ ಬಗ್ಗೆ ಇಷ್ಟು ವಿವರವಾದ ಹಳೆಯ ಸಾಕ್ಷ್ಯ ಅಪರೂಪ. ಅದು ದೊರೆತದ್ದು ಘಟ್ಟದ ನೆತ್ತಿಯಲ್ಲಿ ಸುಮ್ಮನೆ ಕಾಯುತ್ತ ಕುಳಿತ ಒಬ್ಬ ಪ್ರವಾಸಿಯಿಂದ. ಇಕ್ಕೇರಿಯಲ್ಲೂ ಅಷ್ಟೆ. ರಾತ್ರಿಯ ಹೊತ್ತು ಹುಡುಗಿಯರು ಗುಂಪುಗುಂಪಾಗಿ ಬಣ್ಣದ ಕೋಲು ಹಿಡಿದು, ವಾದ್ಯದ ತಾಳಕ್ಕೆ ಹಾಡುತ್ತ ಬೀದಿಯಲ್ಲಿ ಕೋಲಾಟವಾಡುತ್ತ ಹೋದದ್ದನ್ನು ಆತ ಬರೆದಿಟ್ಟಿದ್ದಾನೆ. ಹಗಲು ಊರು ದಾಟಿ ಹೋಗುವವನಿಗೆ ಕಾಣುವುದು ಅಘೋರೇಶ್ವರನ ಗುಡಿ ಮಾತ್ರ. ಕೋಲಾಟ ಕಾಣಬೇಕಾದರೆ ರಾತ್ರಿ ಉಳಿಯಬೇಕು.

ಮುಂದೆ ಕೆಳದಿಯವರ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋಯಿತು. 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಅದನ್ನು ಗೆದ್ದ ಹೈದರಾಲಿ ಹೈದರ್‌ನಗರವೆಂದು ಹೆಸರಿಟ್ಟ. ಇಂದಿನ ನಗರ ಅದೇ. ಇಲ್ಲಿಂದ ಕುಂದಾಪುರದ ಕಡೆ ಇಳಿಯುವ ಹೊಸಂಗಡಿಯ ಕಣಿವೆದಾರಿಯಲ್ಲಿ ತೋಪು ಹೂಡಿದ ಕಾವಲುಗಳಿದ್ದವು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೈನ್ಯ ಅವುಗಳನ್ನು ದಾಟಿ ಮೇಲೆ ಬಂದು ನಗರವನ್ನು ಹಿಡಿಯಿತು. ಹತ್ತಿ ಬಂದಷ್ಟು ಸುಲಭವಾಗಿ ಇಳಿಯಲಾಗಲಿಲ್ಲ. ಕೆಲವೇ ತಿಂಗಳಲ್ಲಿ ಟಿಪ್ಪು ಮುತ್ತಿಗೆ ಹಾಕಿ ಅವನನ್ನು ಸೆರೆ ಹಿಡಿದ. ಇಂದು ಹುಲಿಕಲ್ಲಿನ ತಿರುವುಗಳಲ್ಲಿ ಗೇರು ಬದಲಿಸುತ್ತ ಇಳಿಯುವ ಸವಾರ ಆ ಕಣಿವೆಯಲ್ಲೇ ಸಾಗುತ್ತಾನೆ.

ಬ್ರಿಟಿಷರ ಆಡಳಿತ ನೆಲೆಯೂರಿದ ಮೇಲೆ ಗುಡಿಯ ಜಗಲಿ, ಛತ್ರಗಳ ಪಕ್ಕಕ್ಕೆ ಬಂಗಲೆ ಬಂತು. ಅದರ ಮೊದಲ ಹಕ್ಕು ಸಂಚಾರದ ಮೇಲಿನ ಅಧಿಕಾರಿಗಳದು. ಉಳಿದವರಿಗೆ ಖಾಲಿಯಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂಥ ಬಂಗಲೆಗಳಿದ್ದ ಊರುಗಳಲ್ಲಿ ಟಿ.ಬಿ. ರಸ್ತೆ, ಐ.ಬಿ. ಸರ್ಕಲ್ ಎಂಬ ಹೆಸರುಗಳು ಉಳಿದುಕೊಂಡಿವೆ; ಸರ್ಕಾರಿ ಫಲಕದ ಮೇಲೆ ಅದೇ ಪ್ರವಾಸಿ ಮಂದಿರವಾಯಿತು. ಜೋಗದಲ್ಲಿ ಒಂದು ತಮಾಷೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಜಲಪಾತದ ಇನ್ನೊಂದು ದಂಡೆ ಮೈಸೂರಿನದು. ಹೀಗಾಗಿ ಒಂದೇ ಜಲಪಾತಕ್ಕೆ ಎದುರುಬದುರಾಗಿ ಬಾಂಬೆ ಬಂಗಲೆ, ಮೈಸೂರು ಬಂಗಲೆ ಎಂದು ಎರಡಾದವು. 1956ರಲ್ಲಿ ನಾಡು ಒಂದಾದರೂ ಹೆಸರುಗಳು ಒಂದಾಗಲಿಲ್ಲ.

ಮೋಟಾರ್ ಸೈಕಲ್ ಈ ಕತೆಗೆ ಸೇರಿದ್ದು ತಡವಾಗಿ. 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಗಿ, ಜಾವಾ ಮತ್ತು ಆ ಬಳಿಕ ಯೆಜ್ಡಿ ಗಾಡಿಗಳು ಮಲೆನಾಡಿನ ರಸ್ತೆಗಿಳಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು; ಹಳೆಯ ಗಾಡಿಗಳನ್ನು ಜತನದಿಂದ ಓಡಿಸುವವರು ಇನ್ನೂ ಇದ್ದಾರೆ. ಇವು ಎರಡು ಸ್ಟ್ರೋಕಿನ ಎಂಜಿನ್ನುಗಳು. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಎಂಜಿನ್ನಿಗೂ ಜಾರುಗೊಬ್ಬು. ಉದ್ದನೆಯ ಇಳಿಜಾರಿನಲ್ಲಿ ಎಕ್ಸಲೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಪೆಟ್ರೋಲಿನ ಜೊತೆ ಎಣ್ಣೆಯೂ ನಿಂತಂತೆ. ಆಗಾಗ ಸ್ವಲ್ಪ ತಿರುವಿ ಎಂಜಿನ್ನಿಗೆ ಎಣ್ಣೆ ಉಣಿಸಬೇಕು. ಬ್ರೇಕನ್ನೇ ನಂಬಿದರೆ ಅದೂ ಕಾದು ಹಿಡಿತ ಸಡಿಲುತ್ತದೆ. ಎತ್ತಿನ ಬದಲು ಎಂಜಿನ್ ಬಂದಿತು, ಅಷ್ಟೆ. ದಣಿದ ಪ್ರಾಣಿಯನ್ನು ಸಂಜೆಗತ್ತಲಲ್ಲಿ ಘಟ್ಟಕ್ಕೆ ಇಳಿಸಬಾರದೆಂಬ ಹಳೆಯ ಲೆಕ್ಕ ಹಾಗೇ ಉಳಿಯಿತು. ಮಳೆಗಾಲದ ಮಧ್ಯಾಹ್ನ ಹುಲಿಕಲ್ಲಿನಲ್ಲಿ ಮಂಜು ಮುಸುಕಿದರೆ ಮುಂದಿನ ತಿರುವೇ ಕಾಣದು. ಹತ್ತುವುದನ್ನು ಮೊದಲ ದಿನಕ್ಕೂ ಇಳಿಯುವುದನ್ನು ಮರುದಿನದ ಬೆಳಕಿಗೂ ಇಟ್ಟುಕೊಳ್ಳುವುದು ಇದಕ್ಕೇ.

ಈ ನಾಡಿನ ತಂಗುದಾಣಗಳ ಲೆಕ್ಕವನ್ನು ಬೇರೆಲ್ಲಕ್ಕಿಂತ ಹೆಚ್ಚು ಬದಲಿಸಿದ್ದು ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಗಿ ಶರಾವತಿಯ ಕಣಿವೆ ಮುಳುಗಿತು. ಊರುಗಳ ಜೊತೆ ಊರುಗಳನ್ನು ಕೂಡಿಸುತ್ತಿದ್ದ ದಾರಿಗಳೂ ಹೋದವು. ನಾಡಿಗೆ ಬೆಳಕು ಕೊಟ್ಟು ಆಚೆ ದಡದಲ್ಲಿ ಉಳಿದ ತುಮರಿ ಕಡೆಯವರು ಸಾಗರಕ್ಕೆ ಬರಬೇಕಾದರೆ ಬಹುದೂರ ಸುತ್ತಬೇಕಿತ್ತು, ಇಲ್ಲವೇ ಹೊಳೆಬಾಗಿಲಿನ ಲಾಂಚ್ ಹಿಡಿಯಬೇಕಿತ್ತು. ಸಿಗಂದೂರಿನ ಮೇಲೆ ಕೊಲ್ಲೂರಿಗೆ ಹೋಗುವ ಸವಾರರ ಮೋಟಾರ್ ಸೈಕಲ್ಲುಗಳೂ ಅದೇ ಲಾಂಚಿನಲ್ಲಿ, ಬಸ್ಸು ಜೀಪುಗಳ ನಡುವೆ ನಿಂತು ದಾಟುತ್ತಿದ್ದವು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಸಾಗರವೇ ಗತಿಯಾಗಿತ್ತು. ಪ್ರವಾಸಿಗೆ ಅದು ನೆನಪಿನಲ್ಲಿಡುವ ಒಂದು ರಾತ್ರಿ. ಹೆರಿಗೆ ನೋವಿನ ಹೆಣ್ಣನ್ನೋ ಹಾವು ಕಚ್ಚಿದವನನ್ನೋ ಕರೆದುಕೊಂಡು ದಡದಲ್ಲಿ ನಿಂತವರಿಗೆ ಅದು ಬೇರೆಯೇ ರಾತ್ರಿ. ಹಿನ್ನೀರಿನ ದೃಶ್ಯವನ್ನು ಹೊಗಳುವಾಗ ಈ ಮಾತು ಮರೆಯುವಂತಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸುಮಾರು ಎರಡೂವರೆ ಕಿ.ಮೀ. ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ಆಚೆ ದಡದವರು ಆರು ದಶಕ ಕಾದದ್ದು ಕೈಗೂಡಿತು. ಸವಾರರಿಗೂ ಈಗ ಗಡಿಯಾರ ನೋಡುತ್ತ ಧಾವಿಸುವ ಕೆಲಸವಿಲ್ಲ. ಲಾಂಚಿಗೆ ಕಾಯುತ್ತ ತುಮರಿಯವರ ಜೊತೆ ಮಾತಿಗೆ ಕೂರುವ ಹೊತ್ತೂ ಇಲ್ಲ. ಸಾಗರದಲ್ಲಿ ಕೋಣೆ ಹಿಡಿಯುವುದೋ, ಸೇತುವೆ ದಾಟಿ ಕತ್ತಲಲ್ಲೇ ಕೊಲ್ಲೂರಿನತ್ತ ಘಾಟಿ ಇಳಿಯುವುದೋ ಎಂಬುದನ್ನು ಮೊದಲು ಲಾಂಚಿನ ವೇಳಾಪಟ್ಟಿ ತೀರ್ಮಾನಿಸುತ್ತಿತ್ತು. ಇನ್ನು ಅದನ್ನು ಸವಾರನೇ ತೀರ್ಮಾನಿಸಬೇಕು.