ಜೈಸಲ್ಮೇರ್ ಕೋಟೆಯ ಪಾರಂಪರಿಕ ಹೋಟೆಲುಗಳು

ರಾಜಸ್ಥಾನದ ಪಶ್ಚಿಮ ಭಾಗದಲ್ಲಿ, ಥಾರ್ ಮರುಭೂಮಿಯ ನಡುವಿರುವ ಜೈಸಲ್ಮೇರ್ ಕೋಟೆಯೊಳಗೆ ಹಳೆಯ ವಾಸದ ಮನೆಗಳನ್ನು ಮಾರ್ಪಡಿಸಿ ನಡೆಸಲಾಗುತ್ತಿರುವ ಸಣ್ಣ ವಸತಿಗೃಹಗಳನ್ನು ಪಾರಂಪರಿಕ ಹೋಟೆಲುಗಳೆಂದು ಕರೆಯುವುದು ರೂಢಿ. ಬೆರಳೆಣಿಕೆಯ ಕೋಣೆಗಳು, ಒಂದೊಂದು ಕೋಣೆಗೂ ಬೇರೆಯದೇ ಆದ ಅಲಂಕಾರ, ಮಾಲೀಕರ ಕುಟುಂಬದ ನೇರ ಉಪಚಾರ, ಇವು ಇವುಗಳ ಸಾಮಾನ್ಯ ಲಕ್ಷಣಗಳು. ಇಂಥವನ್ನು ಬೊಟಿಕ್ ಹೋಟೆಲ್ ಎಂದೂ ಕರೆಯುತ್ತಾರೆ. ಈ ಹೆಸರು 1984ರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರಾರಂಭವಾದ ಮಾರ್ಗನ್ಸ್ ಹೋಟೆಲಿನ ಕಾಲದಿಂದ ಪ್ರಚಾರಕ್ಕೆ ಬಂದಿತು. ಜೈಸಲ್ಮೇರಿನಲ್ಲಿ ಇವು ಪ್ರವಾಸಿಗರಿಗೆ ಪ್ರಿಯವಾದಷ್ಟೇ ಕೋಟೆಯ ಬುನಾದಿಗೆ ಚಿಂತೆಯ ವಿಷಯವೂ ಆಗಿವೆ.

ಹಿನ್ನೆಲೆ

ಭಾಟಿ ರಜಪೂತ ಅರಸ ರಾವಲ್ ಜೈಸಲ್ 1156ರಲ್ಲಿ ತ್ರಿಕೂಟ ಬೆಟ್ಟದ ಮೇಲೆ ಈ ಕೋಟೆಯನ್ನು ಸ್ಥಾಪಿಸಿದನು. ಬೆಟ್ಟದ ಎತ್ತರ ಸುಮಾರು 76 ಮೀಟರ್. ಹಳದಿ ಕಲ್ಲಿನಿಂದ ಕಟ್ಟಿದ ಇದರ ಗೋಡೆಗಳು ಸಂಜೆಯ ಬಿಸಿಲಿನಲ್ಲಿ ಹೊನ್ನಿನಂತೆ ಹೊಳೆಯುವುದರಿಂದ ಇದಕ್ಕೆ ಸೋನಾರ್ ಕಿಲ್ಲಾ ಎಂಬ ಹೆಸರು ಬಂದಿದೆ. ಸತ್ಯಜಿತ್ ರಾಯ್ ಅವರ ‘ಸೋನಾರ್ ಕೆಲ್ಲಾ’ ಚಲನಚಿತ್ರ (1974) ಬಂದ ಮೇಲೆ ಬಂಗಾಳದ ಪ್ರವಾಸಿಗರಿಗೆ ಈ ಊರು ಮನೆಮಾತಾಯಿತು. 2013ರಲ್ಲಿ ಯುನೆಸ್ಕೊ ಚಿತ್ತೋಡಗಢ, ಕುಂಭಲಗಢ, ರಣಥಂಬೋರ್, ಗಾಗ್ರೋನ್, ಆಂಬೇರ್ ಕೋಟೆಗಳೊಡನೆ ಇದನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೋಟೆಯ ಗೋಡೆಗಳ ಒಳಗೆ ಇಂದಿಗೂ ಸಾವಿರಾರು ಜನರು ವಾಸಿಸುತ್ತಾರೆ. ಅರಮನೆ, ಜೈನ ಬಸದಿಗಳು, ಅಂಗಡಿಗಳು, ಮನೆಗಳು ಎಲ್ಲವೂ ಒತ್ತೊತ್ತಾಗಿವೆ. ಒಂಟೆಗಳ ಸಾರ್ಥವಾಹ ವ್ಯಾಪಾರದಿಂದ ಸಿರಿವಂತವಾಗಿದ್ದ ನಗರವು ಮುಂಬಯಿ ಬಂದರು ಬೆಳೆದ ಮೇಲೆ ಸೊರಗಿತು. 1947ರ ದೇಶವಿಭಜನೆಯಿಂದ ಸಿಂಧ್ ಕಡೆಯ ಹಳೆಯ ದಾರಿಗಳೂ ಮುಚ್ಚಿಹೋದವು. ಹೀಗೆ ಬಡವಾದ ಊರಿಗೆ ಪ್ರವಾಸೋದ್ಯಮವೇ ಹೊಸ ಜೀವನಾಧಾರವಾಯಿತು. ಕೋಟೆಯೊಳಗಿನ ಕುಟುಂಬಗಳು ತಮ್ಮ ಮನೆಯ ಮಹಡಿಯ ಕೋಣೆಗಳನ್ನು ಬಾಡಿಗೆಗೆ ಕೊಡತೊಡಗಿದವು. ಆ ಕೋಣೆಗಳೇ ಕ್ರಮೇಣ ಹೋಟೆಲುಗಳಾದವು. ಇದನ್ನು ಕೇವಲ ದುರಾಸೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಕಟ್ಟಡದ ರೀತಿ

ಇಲ್ಲಿನ ಮನೆಗಳ ಕಲ್ಲುಗಳನ್ನು ಬಹುಮಟ್ಟಿಗೆ ಗಾರೆಯಿಲ್ಲದೆ, ಒಂದಕ್ಕೊಂದು ಕಚ್ಚುವಂತೆ ಕೂಡಿಸಲಾಗಿದೆ. ಚಾವಣಿಯು ಮರದ ತೊಲೆಗಳ ಮೇಲೆ ಚಾಪೆ ಹಾಸಿ, ಅದರ ಮೇಲೆ ದಪ್ಪನಾಗಿ ಮಣ್ಣು ಮೆತ್ತಿದ ಮಾಳಿಗೆ. ಬಯಲುಸೀಮೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಇದು ಹೊಸದೆನಿಸದು. ದಪ್ಪ ಗೋಡೆ ಹಾಗೂ ಮಣ್ಣಿನ ಮಾಳಿಗೆ ಬೇಸಗೆಯ ಧಗೆಯನ್ನು ತಡೆಯುತ್ತವೆ. ಬೀದಿಗೆ ಚಾಚಿದ ಝರೋಕಾಗಳ, ಅಂದರೆ ಕೆತ್ತನೆಯ ಕಿಟಕಿಮಾಡಗಳ, ಜಾಲಂಧ್ರಗಳು ಗಾಳಿಯನ್ನು ಒಳಗೆ ಬಿಟ್ಟು ಬಿಸಿಲನ್ನು ಹೊರಗಿಡುತ್ತವೆ. ಅತಿಥಿಯು ಹಣ ಕೊಡುವುದು ಮುಖ್ಯವಾಗಿ ಈ ಝರೋಕಾದಲ್ಲಿ ಕುಳಿತುಕೊಳ್ಳುವ ಸುಖಕ್ಕೆ. ಕೋಟೆಯ ಬುರುಜುಗಳಲ್ಲೇ ಕೋಣೆಗಳಿರುವ ಹೋಟೆಲುಗಳೂ ಉಂಟು.

ನೀರಿನ ಸಮಸ್ಯೆ

ಜೈಸಲ್ಮೇರಿನ ವಾರ್ಷಿಕ ಮಳೆ ಸುಮಾರು 20 ಸೆಂಟಿಮೀಟರ್ ಅಥವಾ ಅದಕ್ಕೂ ಕಡಿಮೆ. ಹಿಂದೆ ಕೋಟೆಯ ಕೆಳಗಿನ ಗಡೀಸರ್ ಕೆರೆಯಿಂದ ನೀರನ್ನು ಕೊಡಗಳಲ್ಲಿ ಹೊತ್ತು ತರುತ್ತಿದ್ದರು. ಹೊತ್ತು ತಂದ ನೀರನ್ನು ಯಾರೂ ಚೆಲ್ಲುವುದಿಲ್ಲ. ಮನೆಗಳಲ್ಲಾಗಲಿ ಓಣಿಗಳಲ್ಲಾಗಲಿ ಹೆಚ್ಚು ನೀರು ಹರಿದುಹೋಗುವ ಏರ್ಪಾಡು ಬೇಕಾಗಿರಲಿಲ್ಲ. ಕೊಳವೆಯಲ್ಲಿ ನೀರು ಬಂದು, ಪ್ರತಿ ಕೋಣೆಗೂ ಶವರ್ ಮತ್ತು ಫ್ಲಶ್ ಶೌಚಾಲಯ ಸೇರಿದಾಗ ಈ ಲೆಕ್ಕ ತಪ್ಪಿತು. ಸೋರುವ ಕೊಳವೆಗಳ ಮತ್ತು ಚರಂಡಿಗಳ ನೀರು ಬೆಟ್ಟದೊಳಕ್ಕೆ ಇಂಗತೊಡಗಿತು. ಬೆಟ್ಟವು ಗಟ್ಟಿಬಂಡೆಯದಲ್ಲ, ಮರಳುಗಲ್ಲು ಮತ್ತು ಜೇಡಿಯ ಪದರಗಳಿಂದಾದ ಮೆದು ಶಿಲೆ. ನೆನೆದ ಜೇಡಿ ಉಬ್ಬಿ ಜಾರುತ್ತದೆ, ಮೇಲಿನ ಗೋಡೆ ಬಿರುಕು ಬಿಡುತ್ತದೆ. ಮಾಳಿಗೆಯ ಮಣ್ಣು ಮಳೆಗೆ ನೆನೆದರೆ ಅದರ ಭಾರಕ್ಕೆ ತೊಲೆಗಳೇ ಮುರಿಯುವುದುಂಟು.

1990ರ ದಶಕದಲ್ಲಿ ಕೆಲವು ಬುರುಜುಗಳೂ ರಾಣಿಯ ಮಹಲಿನ ಭಾಗವೂ ಕುಸಿದವು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆಯು 1996, 1998 ಮತ್ತು 2000ದ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗಳಲ್ಲಿ ಕೋಟೆಯನ್ನು ಸೇರಿಸಿತು. ರಾಣಿಯ ಮಹಲಿನ ದುರಸ್ತಿಗೂ ನೆರವಾಯಿತು. 2024ರ ಆಗಸ್ಟ್‌ನಲ್ಲಿ ಭಾರಿ ಮಳೆಯಾದಾಗ ಹೊರಗೋಡೆಯ ಒಂದು ಭಾಗ ಮತ್ತೆ ಕುಸಿಯಿತು. ಹಾನಿಗೆ ಹೋಟೆಲುಗಳು ಮಾತ್ರವೇ ಕಾರಣವಲ್ಲ. ನಿವಾಸಿಗಳ ಬಳಕೆ, ಕಳಪೆ ಒಳಚರಂಡಿ, ಮಳೆನೀರಿನ ನಿರ್ವಹಣೆಯ ಲೋಪ ಎಲ್ಲವೂ ಸೇರಿವೆ. ಆದರೆ ಅತಿಥಿಯೊಬ್ಬನು ಸ್ನಾನಕ್ಕೆ ಬಳಸುವ ನೀರನ್ನು ಕೊಡ ಹೊರುತ್ತಿದ್ದ ಕಾಲದ ಮನೆಯೊಂದು ಊಹಿಸಿರಲೂ ಇಲ್ಲ.

ನಿಯಮಗಳು

ಕೋಟೆಯು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ಹಾಗೂ ಅದರ 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಹೀಗಾಗಿ ಒಳಗಿನ ನಿವಾಸಿಗೆ ತನ್ನ ಮನೆಯ ದುರಸ್ತಿಗೂ ಅನುಮತಿ ಬೇಕಾಗುತ್ತದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ‘ಹೆರಿಟೇಜ್ ಹೋಟೆಲ್’ ವರ್ಗೀಕರಣವೇ ಬೇರೆ. 1950ಕ್ಕಿಂತ ಮುಂಚೆ ಕಟ್ಟಿದ ಅರಮನೆ, ಕೋಟೆ, ಹವೇಲಿ ಮೊದಲಾದವು ಅದರ ವ್ಯಾಪ್ತಿಗೆ ಬರುತ್ತವೆ. ಫಲಕದಲ್ಲಿ ಹೆರಿಟೇಜ್ ಎಂದು ಬರೆದ ಮಾತ್ರಕ್ಕೆ ಆ ಮಾನ್ಯತೆ ಇದೆಯೆಂದು ತಿಳಿಯಬಾರದು.

ಕೋಟೆಯ ಹೊರಗಿನ ವಾಸ್ತವ್ಯ

ಕೋಟೆಯ ಮೇಲಿನ ಹೊರೆ ತಗ್ಗಿಸಲು ಹೊರಗೆ ತಂಗಬೇಕೆಂದು ಲೋನ್ಲಿ ಪ್ಲಾನೆಟ್‌ನಂತಹ ಪ್ರವಾಸಿ ಮಾರ್ಗದರ್ಶಿ ಸಲಹೆ ನೀಡಿದೆ. ಬೆಟ್ಟದ ಬುಡದ ಹಳೆಯ ಪೇಟೆಯಲ್ಲಿಯೂ ಹವೇಲಿಗಳಿವೆ. 19ನೆಯ ಶತಮಾನದ ಪಟವರ ಐದು ಹವೇಲಿಗಳು, ಸಾಲಿಮ್ ಸಿಂಗ್ ಹವೇಲಿ ಹಾಗೂ ನಥಮಲ್ ಹವೇಲಿ ನೋಡತಕ್ಕವು. ನಥಮಲ್ ಹವೇಲಿಯ ಎರಡು ಪಾರ್ಶ್ವಗಳನ್ನು ಸೋದರರಿಬ್ಬರು ಕೆತ್ತಿದರೆಂದು ಹೇಳುತ್ತಾರೆ. ಮೇಲುನೋಟಕ್ಕೆ ಒಂದೇ ಎನಿಸಿದರೂ ಎರಡೂ ಬೇರೆ ಬೇರೆ. ಪೇಟೆಯ ಹೋಟೆಲುಗಳ ತಾರಸಿಯಿಂದ ಇಡೀ ಕೋಟೆ ಕಾಣುತ್ತದೆ, ಒಳಗೆ ತಂಗಿದವರಿಗೆ ಆ ನೋಟ ದೊರೆಯುವುದಿಲ್ಲ. ಕಾಲ್ನಡಿಗೆಯಲ್ಲಿ ಕೋಟೆಯ ಹೆಬ್ಬಾಗಿಲನ್ನು ಸುಲಭವಾಗಿ ತಲುಪಬಹುದು.

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಪ್ರವಾಸಕ್ಕೆ ಅನುಕೂಲವಾದ ಕಾಲ. ಮೇ ಮತ್ತು ಜೂನ್ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ.